ಕುರ್ಚಿಯಿಂದ ಏಳೋದು ಹೇಗೆ?

ಮೊದಲು ಒಂದು ಸಣ್ಣ ಪ್ರಯೋಗ. ಕುರ್ಚಿಯಲ್ಲಿ ಬೆನ್ನು ಒರಗಿಸಿ ನೆಟ್ಟಗೆ ಕೂತ್ಕೊಳ್ಳಿ. ಕೈಗಳು ತೊಡೆ ಮೇಲಿರಲಿ. ರೂಮ್‌ಮೇಟ್‌ಗೆ ನಿಮ್ಮ ಹಣೆ ಮೇಲೆ ಒಂದೇ ಒಂದು ಬೆರಳು ಒತ್ತಿ ಹಿಡಿಯೋಕೆ ಹೇಳಿ. ಈಗ ಏಳಿ ನೋಡೋಣ. ದಿನಾ ಜಿಮ್‌ಗೆ ಹೋಗೋರೂ ಕೂತಲ್ಲೇ ಒದ್ದಾಡ್ತಾರೆ.

ಬೆರಳಿಗೆ ಅಷ್ಟೊಂದು ಬಲ ಎಲ್ಲಿಂದ ಬಂತು? ಕೂತಾಗ ನಮ್ಮ ಗುರುತ್ವ ಕೇಂದ್ರ ಇರೋದು ಕುರ್ಚಿಯ ಮೇಲೆ. ನಿಧಾನವಾಗಿ ಏಳಬೇಕಾದರೆ ಅದು ಮೊದಲು ಪಾದಗಳ ಮೇಲಕ್ಕೆ ಬರಬೇಕು. ಅಂದರೆ ತಲೆ, ಎದೆ ಮುಂದಕ್ಕೆ ಬಾಗಲೇಬೇಕು. ಬೆರಳು ತಡೆಯೋದು ಆ ಬಾಗುವಿಕೆಯನ್ನ ಮಾತ್ರ. ಸೊಂಟದಿಂದ ಹಣೆವರೆಗಿನ ದೂರ ಒಳ್ಳೇ ಉದ್ದದ ಸನ್ನೆಗೋಲಾದ್ದರಿಂದ ಅದಕ್ಕೆ ಸ್ವಲ್ಪ ಬಲ ಸಾಕು.

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಇದನ್ನೆಲ್ಲ ಬರೆದು ಪಾಸಾಗಿದ್ದೆ. ಅರ್ಥ ಆಗಿದ್ದು ಮಾತ್ರ ಮನೆಯ ಹಜಾರದಲ್ಲಿ.

ನಮ್ಮಜ್ಜಿ ಹಿತ್ತಲಲ್ಲಿ ಜಾರಿ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ಆದರೆ ಮನೆಯವರೆಲ್ಲ ಹೆದರಿಬಿಟ್ಟೆವು. ನೆಲದ ಮೇಲೆ ಕೂತು ಸೊಪ್ಪು ಬಿಡಿಸೋದು, ಕಾಯಿ ತುರಿಯೋದು, ಬೆಳಗಿನ ರಂಗೋಲಿ, ಎಲ್ಲ ಬಂದ್. "ನೀನು ಸುಮ್ನೆ ಸೋಫಾ ಮೇಲೆ ಕೂತ್ಕೊಮ್ಮ, ನಾವೆಲ್ಲ ಇಲ್ವಾ" ಅಂದರು ಅಪ್ಪ. ಪ್ರೀತಿಯಿಂದಲೇ ಅಂದಿದ್ದು. ಆರು ತಿಂಗಳಾದ ಮೇಲೆ ಸೆಮಿಸ್ಟರ್ ರಜೆಗೆ ಹೋದರೆ, ಅಜ್ಜಿಗೆ ಸೋಫಾದಿಂದ ಏಳೋಕೂ ಇಬ್ಬರು ಬೇಕಾಗಿತ್ತು. ನಾವು ಎದುರು ನಿಂತು ರಟ್ಟೆ ಹಿಡಿದು ಮೇಲಕ್ಕೆ ಎಳೆಯೋದು, ಅವರು ಭಯಕ್ಕೆ ಹಿಂದಕ್ಕೆ ವಾಲೋದು.

ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಮೊದಲು ನಮ್ಮನ್ನೇ ಪಕ್ಕಕ್ಕೆ ಸರಿಸಿದರು. "ಅವರು ಮುಂದಕ್ಕೆ ಬಾಗಬೇಕಾದ ಜಾಗದಲ್ಲೇ ನೀವು ನಿಂತಿದ್ದೀರಲ್ಲ!" ಹಣೆ ಮೇಲಿನ ಬೆರಳು ನಾವೇ ಆಗಿದ್ದೆವು.

ಸೋಫಾದ್ದೂ ತಪ್ಪಿತ್ತು. ಅದು ತಗ್ಗು, ಮೇಲಾಗಿ ಮೆತ್ತಗೆ. ಕೂತರೆ ಸೊಂಟ ಮಂಡಿಗಿಂತ ಕೆಳಗೆ ಹೋಗುತ್ತೆ, ತೂಕವನ್ನ ಪಾದದ ಮೇಲೆ ತರೋದು ಇನ್ನೂ ಕಷ್ಟ. ಗಟ್ಟಿ ಕುರ್ಚಿ ಬಂತು. ಅಂಚಿಗೆ ಜರುಗೋದು, ಪಾದ ಸ್ವಲ್ಪ ಹಿಂದಕ್ಕೆ ಎಳ್ಕೊಳ್ಳೋದು, ಮೂಗನ್ನ ಕಾಲ್ಬೆರಳ ಕಡೆ ತರೋದು, ತೂಕ ಪಾದಕ್ಕೆ ಬಂದದ್ದು ಗೊತ್ತಾದ ಮೇಲೆ ಏಳೋದು. ನಿಧಾನಕ್ಕೆ, ಗಮನ ಇಟ್ಟು.

ಹೀಗೆ ಗಮನ ಇಟ್ಟು ಚಲಿಸೋದು ಯೋಗದವರ ಮಾತು ಅಂದ್ಕೊಂಡಿದ್ದೆ. ಆದರೆ ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿದ ಮೋಶೆ ಫೆಲ್ಡೆನ್‌ಕ್ರೈಸ್ (1904–1984) ನಮ್ಮವರೇ, ಅಂದರೆ ಎಂಜಿನಿಯರ್! ಪ್ಯಾರಿಸ್‌ನಲ್ಲಿ ಓದಿ, ಫ್ರೆಡೆರಿಕ್ ಜೋಲಿಯೋ-ಕ್ಯೂರಿ ಅವರ ಲ್ಯಾಬಿನಲ್ಲಿ ಕೆಲಸ ಮಾಡಿದವರು. ಫುಟ್‌ಬಾಲ್‌ನಲ್ಲಿ ಪೆಟ್ಟಾಗಿದ್ದ ಮಂಡಿ ಕಾಡತೊಡಗಿದಾಗ ತಮ್ಮ ಚಲನೆಯನ್ನೇ ಅಭ್ಯಾಸ ಮಾಡಿದರು. 1972ರಲ್ಲಿ ಬಂದ ಅವರ ಪುಸ್ತಕದ ಹೆಸರು 'ಅವೇರ್‌ನೆಸ್ ಥ್ರೂ ಮೂವ್‌ಮೆಂಟ್'. ಚಲನೆ ಚಿಕ್ಕದಾಗಿ, ಹಗುರವಾಗಿ ಇರಬೇಕು ಅನ್ನೋದು ಅವರ ಪಾಠದ ಮುಖ್ಯ ಅಂಶ. ಬಲ ಹಾಕಿದಷ್ಟೂ ಸೂಕ್ಷ್ಮ ವ್ಯತ್ಯಾಸ ತಿಳಿಯೋಲ್ಲ. ಲ್ಯಾಪ್‌ಟಾಪ್, ರೆಕಾರ್ಡ್ ಪುಸ್ತಕ ಎಲ್ಲ ತುಂಬಿದ ಬ್ಯಾಗಿಗೆ ಒಂದು ಪೆನ್ನು ಸೇರಿಸಿದರೆ ಹೆಗಲಿಗೆ ಗೊತ್ತಾಗುತ್ತಾ?

(ಬೆರಳಿನ ಪ್ರಯೋಗ ಹಾಸ್ಟೆಲಿಗೆ ಮಾತ್ರ. ಮನೇಲಿ ಹಿರಿಯರ ಮೇಲೆ ಬೇಡ.)

ಕುರ್ಚಿ ಪಳಗಿದ ಮೇಲೆ ಅಜ್ಜಿ ನೆಲ ಬೇಕು ಅಂದರು. ಅಮ್ಮ ಬೇಡವೇ ಬೇಡ ಅಂದರೂ ಡಾಕ್ಟರು ಒಪ್ಪಿದರು. ಪಕ್ಕಕ್ಕೆ ಹೊರಳಿ, ಎರಡೂ ಕೈ ಊರಿ, ಮಂಡಿ ಮೇಲೆ ಬಂದು, ಒಂದು ಪಾದ ಮುಂದಿಟ್ಟು, ಸ್ಟೂಲ್ ಹಿಡಿದು ಎದ್ದರು. ನಾವ್ಯಾರೂ ಮುಟ್ಟಲಿಲ್ಲ. ಮುಟ್ಟದೆ ನಿಲ್ಲೋದೇ ನಮಗೆ ಕಷ್ಟವಾಗಿದ್ದು.

ಮಾರನೇ ದಿನ ಮೆಂತ್ಯ ಸೊಪ್ಪು ಬಿಡಿಸೋಕೆ ನನ್ನನ್ನೂ ಕೂರಿಸಿಕೊಂಡರು. ಕಾಲು ಗಂಟೆಗೇ ನನ್ನ ಕಾಲು ಜೋಮು ಹಿಡಿದಿತ್ತು. ಎದ್ದೆ. "ಏನೋ ಎಂಜಿನಿಯರು, ಎರಡು ಸಲ ಕೈ ಊರಿದೆಯಲ್ಲ" ಅಂದರು ಅಜ್ಜಿ.