ಪದವಿಗೆ ನಿವೃತ್ತಿ ಉಂಟೆ?

(ಆಕಾಶವಾಣಿಯಿಂದ ಪ್ರಸಾರವಾದ ಭಾಷಣ)

ಸಂಬೋಧನೆಯನ್ನು ನಮ್ಮ ವ್ಯಾಕರಣಗಳು ವಿಭಕ್ತಿಗಳ ಸಾಲಿನಲ್ಲಿ ಕಟ್ಟಕಡೆಗೆ ಕೂರಿಸಿವೆ. ಅದು ವಿಭಕ್ತಿಯೇ ಅಲ್ಲವೆಂದು ವಾದಿಸುವವರೂ ಉಂಟು. ಆದರೆ ಮನುಷ್ಯನು ಮನುಷ್ಯನೊಡನೆ ಮಾತಿಗೆ ತೊಡಗುವುದು ಸಂಬೋಧನೆಯಿಂದಲೇ. ಅಲ್ಲಿ ಎಡವಿದರೆ ಮುಂದಿನ ಏಳು ವಿಭಕ್ತಿಗಳೂ ಸೇರಿ ನಮ್ಮನ್ನು ಎತ್ತಲಾರವು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಹಾಗೆ ಒಮ್ಮೆ ಎಡವಿದೆ. ಈ ಹೊತ್ತಿನ ಮಾತು ಅದರಿಂದ ಕಲಿತ ಪಾಠ.

1999ರ ಬೇಸಗೆಯಲ್ಲಿ ಕಾರ್ಗಿಲ್ ಯುದ್ಧ ನಡೆಯಿತು. ಆ ವರ್ಷದ ಸ್ವಾತಂತ್ರ್ಯೋತ್ಸವದಂದು ಸೈನಿಕರನ್ನು ಸನ್ಮಾನಿಸಬೇಕೆಂದು ನಮ್ಮ ಕಾಲೇಜಿನ ಕನ್ನಡ ಸಂಘ ತೀರ್ಮಾನಿಸಿತು. ಆಹ್ವಾನ ಪತ್ರಿಕೆಯನ್ನು ಬರೆದು ಕರಡು ತಿದ್ದುವ ಹೊಣೆ ನನ್ನದು. ಮುಖ್ಯ ಅತಿಥಿಗಳು ಸೇನೆಯಿಂದ ನಿವೃತ್ತರಾಗಿ ನಗರದಲ್ಲಿ ನೆಲಸಿದ್ದ ಒಬ್ಬ ಲೆಫ್ಟಿನೆಂಟ್ ಕರ್ನಲ್. ಅವರನ್ನು ನಾನು ‘ನಿವೃತ್ತ ಕರ್ನಲ್’ ಎಂದು ಬರೆದೆ. ಸನ್ಮಾನಿತರಲ್ಲಿ ಒಬ್ಬರು ನಮ್ಮ ಬೀದಿಯವರೇ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಗೆ ಹದಿನೆಂಟರ ವಯಸ್ಸಿನಲ್ಲಿ ಸೇರಿ, 1971ರ ಯುದ್ಧದಲ್ಲಿ ಸೇತುವೆ ಕಟ್ಟುವ ತುಕಡಿಯಲ್ಲಿದ್ದವರು. ನಿವೃತ್ತಿಯ ಬಳಿಕ ಕಾರ್ಖಾನೆಯೊಂದರಲ್ಲಿ ಕಾವಲಿನ ಮೇಲ್ವಿಚಾರಣೆ ಮಾಡುತ್ತ, ದಿನವೂ ಬೆಳಗ್ಗೆ ಸೈಕಲ್ ಏರಿ ಹೋಗುತ್ತಿದ್ದರು. ಅವರ ಹೆಸರಿಗೆ ಮೊದಲು ‘ಶ್ರೀ’ ಎಂದು ಹಾಕಿ, ಹೆಸರಾದ ಮೇಲೆ ‘ಮಾಜಿ ಸೈನಿಕರು’ ಎಂದು ಬರೆದೆ. ಅದೇ ಪತ್ರಿಕೆಯಲ್ಲಿ ನನ್ನ ಹೆಸರಿಗೆ ಮೊದಲು ‘ಪ್ರೊ.’ ಎಂದು ಹಾಕಿಕೊಳ್ಳಲು ಮರೆಯಲಿಲ್ಲ. ಆಗ ನಾನಿನ್ನೂ ರೀಡರ್ ಹುದ್ದೆಯಲ್ಲಿದ್ದೆ!

ಸಭೆಯ ದಿನ ನಮ್ಮ ಬೀದಿಯವರು ಬಿಳಿಯ ಅಂಗಿಯ ಮೇಲೆ ಕೋಟು ತೊಟ್ಟು, ಎದೆಗೆ ಪದಕಗಳನ್ನು ಧರಿಸಿ ಬಂದಿದ್ದರು. ಅವರು ವೇದಿಕೆ ಹತ್ತಿದೊಡನೆ ಕರ್ನಲ್ ಸಾಹೇಬರು ಎದ್ದು ನಿಂತು ಕೈ ಚಾಚಿ, “ಬನ್ನಿ, ಕ್ಯಾಪ್ಟನ್ ಸಾಹೇಬ್” ಎಂದರು. ಸಭೆ ಅಚ್ಚರಿಪಟ್ಟಿತು. ನಾನು ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿಕೊಂಡೆ.

ಮರುದಿನ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಕಾಗದವಿತ್ತು: ಆನರರಿ ಕ್ಯಾಪ್ಟನ್ ಪದವಿಯ ಪತ್ರ. ನಾನು ಕ್ಷಮೆ ಕೇಳಿದಾಗ ಅವರು, “ಇದು ಬರಬೇಕಾದರೆ ಇಪ್ಪತ್ತೆಂಟು ವರ್ಷ ಹಿಡಿಯಿತು ಸಾರ್. ಕಾರ್ಡಿನಲ್ಲಿ ಒಂದು ಮಾತು ತಾನೆ, ಬಿಡಿ” ಎಂದರು. ಅವರ ಪತ್ನಿ ಬಿಡಲಿಲ್ಲ. “ಮಗಳ ಬೀಗರ ಮನೆಗೆ ಕಳಿಸೋಣ ಅಂತ ಎರಡು ಕಾರ್ಡು ತೆಗೆದಿಟ್ಟಿದ್ದೆ ಮೇಷ್ಟ್ರೇ, ಕಳಿಸಲಿಲ್ಲ. ನಾಳೆ ನೀವು ರಿಟೈರಾದ ಮೇಲೆ ನಾವು ನಿಮ್ಮನ್ನ ಮೇಷ್ಟ್ರು ಅನ್ನೋದು ಬಿಟ್ಟುಬಿಡ್ತೀವಾ?” ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಹುಡುಕಿಕೊಂಡ ಉತ್ತರವನ್ನು ಈಗ ನಿಮ್ಮ ಮುಂದಿಡುತ್ತೇನೆ.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು ಹುದ್ದೆ, ಇನ್ನೊಂದು ಪದವಿ. ಜಿಲ್ಲಾಧಿಕಾರಿ ಎಂಬುದು ಹುದ್ದೆ. ವರ್ಗವಾದ ದಿನ ಆ ಕುರ್ಚಿಯಲ್ಲಿ ಬೇರೊಬ್ಬರು ಕೂರುತ್ತಾರೆ, ಹೋದವರು ‘ಮಾಜಿ’ಯಾಗುತ್ತಾರೆ. ಸೇನೆಯಲ್ಲಿಯೂ ಹುದ್ದೆಗಳುಂಟು. ಪಡೆಯೊಂದರ ಕಮಾಂಡಿಂಗ್ ಆಫೀಸರ್ ಎಂಬುದು ಹುದ್ದೆ. ಭೂಸೇನೆಯ ಮುಖ್ಯಸ್ಥ ಎಂಬುದೂ ಹುದ್ದೆ. ಆದರೆ ಕ್ಯಾಪ್ಟನ್, ಮೇಜರ್, ಕರ್ನಲ್ ಎಂಬುವು ಕುರ್ಚಿಗೆ ಸೇರಿದವಲ್ಲ, ವ್ಯಕ್ತಿಗೆ ಸೇರಿದವು. ಇಲ್ಲಿ ಕನ್ನಡವೇ ನಮ್ಮ ನೆರವಿಗೆ ಬರುತ್ತದೆ. ವಿಶ್ವವಿದ್ಯಾಲಯ ಕೊಡುವ ಎಂ.ಎ.ಯನ್ನೂ ಪದವಿ ಎನ್ನುತ್ತೇವೆ, ಸೇನೆ ಕೊಡುವ ಕರ್ನಲ್‌ಗಿರಿಯನ್ನೂ ಪದವಿ ಎನ್ನುತ್ತೇವೆ. ‘ನಿವೃತ್ತ ಎಂ.ಎ.’ ಎಂದು ಯಾರಾದರೂ ಬರೆದುಕೊಂಡದ್ದನ್ನು ಕಂಡಿದ್ದೀರಾ? ಪಡೆದ ವಿದ್ಯೆ ನಿವೃತ್ತವಾಗದಿದ್ದರೆ, ಪ್ರಾಣವನ್ನು ಪಣವಿಟ್ಟು ಪಡೆದ ಪದವಿ ಹೇಗೆ ನಿವೃತ್ತವಾದೀತು? ದಂಡನೆಯಾಗಿ ಕಿತ್ತುಕೊಂಡರೆ ಮಾತ್ರ ಅದು ಹೋದೀತು.

ನಮ್ಮ ಸಂವಿಧಾನವೂ ಈ ಎರಡನ್ನು ಒಂದೇ ಎಳೆಯಲ್ಲಿ ಪೋಣಿಸಿದೆ. ಅದರ 18ನೆಯ ವಿಧಿಯ ಪ್ರಕಾರ ಸರ್ಕಾರವು ಯಾರಿಗೂ ಬಿರುದುಗಳನ್ನು ಕೊಡುವಂತಿಲ್ಲ. ಆದರೆ ಸೇನೆಗೆ ಸಂಬಂಧಿಸಿದ ಮತ್ತು ವಿದ್ಯೆಗೆ ಸಂಬಂಧಿಸಿದ ವಿಶಿಷ್ಟತೆಗಳು ಈ ನಿಷೇಧಕ್ಕೆ ಹೊರತು. ಹಿಂದಿನ ಕಾಲದ ರಾವ್ ಬಹದ್ದೂರ್, ರಾವ್ ಸಾಹೇಬ್ ಬಿರುದುಗಳಿಗೆ ಗಣರಾಜ್ಯದಲ್ಲಿ ಸ್ಥಾನವಿಲ್ಲ. ಪದ್ಮ ಪ್ರಶಸ್ತಿಗಳನ್ನು ಕೂಡ ಹೆಸರಿಗೆ ಮೊದಲಾಗಲಿ ಹೆಸರಾದ ಮೇಲಾಗಲಿ ಬಿರುದಿನಂತೆ ಅಂಟಿಸಿಕೊಳ್ಳಬಾರದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿತು. ಹೀಗೆ ಹೆಸರುಗಳನ್ನೆಲ್ಲ ಸಮನಾಗಿಸಿದ ಗಣರಾಜ್ಯವು ‘ಡಾಕ್ಟರ್’ ಮತ್ತು ‘ಕರ್ನಲ್’ ಎಂಬ ಎರಡು ಬಗೆಯ ಗೌರವಗಳನ್ನು ಮಾತ್ರ ಉಳಿಸಿಕೊಂಡಿತು. ಸಮಾನತೆಗೆ ಅವುಗಳಿಂದ ಕುಂದಿಲ್ಲ. ಅವು ಹುಟ್ಟಿನಿಂದ ಬಂದವಲ್ಲ, ದುಡಿದು ಗಳಿಸಿದವು.

ಇನ್ನು ‘ನಿವೃತ್ತ’ ಎಂಬ ಮಾತನ್ನು ಎಲ್ಲಿಡಬೇಕು? ಸೇನೆಯವರ ಪದ್ಧತಿ ಸ್ಪಷ್ಟವಾಗಿದೆ. ಮೊದಲು ಪದವಿ, ಆಮೇಲೆ ಹೆಸರು, ಕೊನೆಗೆ ಆವರಣದಲ್ಲಿ ‘ನಿವೃತ್ತ’. ನಿವೃತ್ತರಾದವರು ವ್ಯಕ್ತಿ, ಪದವಿಯಲ್ಲ ಎಂಬುದೇ ಇದರ ತತ್ತ್ವ. ಕನ್ನಡದಲ್ಲಿ ಒಂದು ತೊಡಕುಂಟು. ನಮ್ಮಲ್ಲಿ ವಿಶೇಷಣವು ವಿಶೇಷ್ಯಕ್ಕೆ ಮೊದಲೇ ಬರುತ್ತದೆ. ‘ನಿವೃತ್ತ ಕರ್ನಲ್’ ಎಂದೊಡನೆ ಆ ಮಾತು ಹೋಗಿ ಕರ್ನಲ್ ಪದಕ್ಕೇ ಅಂಟಿಕೊಳ್ಳುತ್ತದೆ. ಸವೆದ ನಾಣ್ಯವೆಂಬಂತೆ ಕೇಳಿಸುತ್ತದೆ. ಆದುದರಿಂದ ಬರೆಹದಲ್ಲಿ ‘ಕರ್ನಲ್ ಇಂಥವರು (ನಿವೃತ್ತ)’ ಎಂದೇ ಬರೆಯುವುದು ಲೇಸು. ಸಭೆಯಲ್ಲಿ ಪರಿಚಯಿಸುವಾಗ ‘ಭೂಸೇನೆಯಿಂದ ನಿವೃತ್ತರಾದ ಕರ್ನಲ್ ಇಂಥವರು’ ಎನ್ನಬಹುದು. ಎದುರು ನಿಂತು ಮಾತನಾಡುವಾಗಲಂತೂ ‘ನಿವೃತ್ತ’ ಎಂಬುದರ ಅಗತ್ಯವೇ ಇಲ್ಲ. ‘ಮಾಜಿ’ ಎಂಬುದನ್ನು ಹುದ್ದೆಗೆ ಮಾತ್ರ ಮೀಸಲಿಡಬೇಕು. ‘ಭೂಸೇನೆಯ ಮಾಜಿ ಮುಖ್ಯಸ್ಥ ಜನರಲ್ ಇಂಥವರು’ ಎಂದರೆ ಸರಿ, ‘ಮಾಜಿ ಜನರಲ್’ ಎಂದರೆ ತಪ್ಪು.

‘ನಿವೃತ್ತ’ ಶಬ್ದದ ಮೂಲಾರ್ಥ ಹಿಂದಿರುಗಿದ, ಮರಳಿದ ಎಂದು. ರಣದಿಂದ ಹಿಂದೆಗೆಯದ ವೀರನನ್ನು ನಮ್ಮ ಪ್ರಾಚೀನರು ‘ಅನಿವರ್ತಿ’ ಎಂದು ಹೊಗಳಿದರು. ಹಾಗೆ ಹೊಗಳಿಸಿಕೊಳ್ಳಬೇಕಾದವರನ್ನೇ ನಾವು ಬಾಯ್ತುಂಬ ‘ನಿವೃತ್ತ’ ಎನ್ನುತ್ತೇವೆ! ಅವರು ಮನೆಗೆ ಮರಳಿದ್ದಾರೆ, ನಿಜ. ಬೆನ್ನು ತೋರಿಸಿ ಮರಳಿದವರಲ್ಲ.

ಪದವಿಗಳ ಹೆಸರುಗಳಲ್ಲಿಯೂ ಕೆಲವು ಸೂಕ್ಷ್ಮಗಳಿವೆ. ಲೆಫ್ಟಿನೆಂಟ್ ಕರ್ನಲ್ ಆದವರನ್ನು ಮಾತಿನಲ್ಲಿ ಕರ್ನಲ್ ಎನ್ನುವುದು ರೂಢಿ. ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್ ಇಬ್ಬರೂ ಮಾತಿನಲ್ಲಿ ಜನರಲ್. ನೌಕಾಸೇನೆಯ ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್ ಮಾತಿನಲ್ಲಿ ಅಡ್ಮಿರಲ್. ಆದರೆ ಬರೆಹದಲ್ಲಿ ಪೂರ್ಣ ಪದವಿಯನ್ನೇ ಬರೆಯಬೇಕು. ನಾನು ಆಹ್ವಾನ ಪತ್ರಿಕೆಯಲ್ಲಿ ಮಾಡಿದ ಇನ್ನೊಂದು ತಪ್ಪು ಇದೇ. ಒಂದೇ ಹೆಸರು ಎರಡು ಪಡೆಗಳಲ್ಲಿ ಎರಡು ಅರ್ಥ ಕೊಡುವುದೂ ಉಂಟು. ಭೂಸೇನೆಯ ಕ್ಯಾಪ್ಟನ್ ಎಂದರೆ ಸಾಮಾನ್ಯವಾಗಿ ಕಿರಿಯ ವಯಸ್ಸಿನ ಅಧಿಕಾರಿ. ನೌಕಾಸೇನೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮಾನ. ವಾಯುಸೇನೆಯಲ್ಲಿ ಆ ಅಂತಸ್ತಿನವರು ಗ್ರೂಪ್ ಕ್ಯಾಪ್ಟನ್. ಆದ್ದರಿಂದ ಪರಿಚಯಿಸುವವರು ಯಾವ ಪಡೆಯೆಂಬುದನ್ನೂ ಹೇಳಬೇಕು. ತಿಳಿಯದಿದ್ದರೆ ಮೊದಲೇ ಕೇಳಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಕರೆಯುವಾಗ ಬರಿಯ ‘ಕರ್ನಲ್’ ಎಂದರೆ ಇಂಗ್ಲಿಷಿನಲ್ಲಿ ಸರಿಹೋದೀತು, ಕನ್ನಡದ ಕಿವಿಗೆ ಅದು ಏಕವಚನದಂತೆ ಕೇಳುತ್ತದೆ. ‘ಕರ್ನಲ್ ಸಾಹೇಬರೇ’ ಎಂದೋ ‘ಕರ್ನಲ್ ಅವರೇ’ ಎಂದೋ ಹೇಳಿದರೆ ಅವರ ಪದವಿಗೂ ನಮ್ಮ ಭಾಷೆಗೂ ನ್ಯಾಯ ಸಲ್ಲುತ್ತದೆ. ಮಹಿಳಾ ಅಧಿಕಾರಿಗಳಿಗೆ ಪದವಿಯ ಬೇರೆ ರೂಪವೇನೂ ಇಲ್ಲ. ಅವರೂ ಮೇಜರ್, ಅವರೂ ಕರ್ನಲ್. ಲಿಂಗಭೇದ ಕಾಣಿಸದ ನಮ್ಮ ಗೌರವ ಬಹುವಚನ ಇಲ್ಲಿ ಚೆನ್ನಾಗಿ ಒದಗಿಬರುತ್ತದೆ. ಇನ್ನು, ‘ಹೆಸರು ಹಿಡಿದೇ ಕರೆಯಿರಿ’ ಎಂದು ಅವರಾಗಿಯೇ ಹೇಳಿದರೆ ಹಾಗೆಯೇ ಕರೆಯತಕ್ಕದ್ದು. ಮರ್ಯಾದೆ ಎಂಬುದು ಅವರ ಇಷ್ಟವನ್ನು ಮೀರಿದ್ದಲ್ಲ.

ನಾವು ಹೆಚ್ಚಾಗಿ ಎಡವುವುದು ಸುಬೇದಾರರ ವಿಷಯದಲ್ಲಿ. ನಾಯಿಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೂರು ಮೆಟ್ಟಿಲಿನವರು ಸಿಪಾಯಿಯಾಗಿ ಸೇರಿ, ನಾಯಕ್, ಹವಾಲ್ದಾರ್ ಆಗಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಸೇನೆಯೊಳಗೆ ಅವರನ್ನು ಕಿರಿಯರಷ್ಟೇ ಅಲ್ಲ, ಹಿರಿಯ ಅಧಿಕಾರಿಗಳೂ ‘ಸಾಹೇಬ್’ ಎಂದೇ ಕರೆಯುತ್ತಾರೆ. ಅವರಲ್ಲಿ ಆಯ್ದ ಕೆಲವರಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಆನರರಿ ಲೆಫ್ಟಿನೆಂಟ್ ಅಥವಾ ಆನರರಿ ಕ್ಯಾಪ್ಟನ್ ಪದವಿ ದೊರೆಯುತ್ತದೆ, ಭಾರತದ ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ಗೌರವ ಪದವಿ ಎಂದರೆ ಪುಕ್ಕಟೆಯಾಗಿ ಬಂದದ್ದೆಂದು ನಾವು ತಿಳಿದುಬಿಡುತ್ತೇವೆ. ಇಡೀ ಆಯುಷ್ಯದ ಸೇವೆಗೆ ತೆತ್ತ ಗೌರವ ಅದು. ಕರ್ನಲ್ ಆದವರನ್ನು ಮರೆಯುವವರು ವಿರಳ. ಸುಬೇದಾರರನ್ನು ಮರೆಯುವವರೇ ನಾವೆಲ್ಲ.

ಇದೇನೂ ಹೊರಗಿನಿಂದ ಬಂದ ಶಿಷ್ಟಾಚಾರವೆಂದು ಭಾವಿಸಬೇಡಿ. ಸೈನಿಕನ ಪದವಿಯನ್ನು ಅವನ ಹೆಸರಿಗೆ ಬೆಸೆಯುವುದು ಕನ್ನಡ ನಾಡಿಗೆ ಹಳೆಯ ರೂಢಿ. ಚಾವುಂಡರಾಯನು ಗಂಗರ ಸೇನಾಪತಿ. ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ ಎಂಬ ಬಿರುದುಗಳನ್ನು ಗಳಿಸಿದವನು. ಅವನು ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಭಕ್ತನೂ ಹೌದು, 978ರಲ್ಲಿ ಕನ್ನಡ ಗದ್ಯದ ಪುರಾಣ ರಚಿಸಿದ ಕವಿಯೂ ಹೌದು. ಆದರೂ ಯುದ್ಧಭೂಮಿಯ ಬಿರುದುಗಳು ಅವನನ್ನು ಬಿಟ್ಟುಹೋಗಲಿಲ್ಲ. ವಿಷ್ಣುವರ್ಧನನ ಗಂಗರಾಜನನ್ನು ನಾವು ಇಂದಿಗೂ ದಂಡನಾಯಕನೆಂದೇ ನೆನೆಯುತ್ತೇವೆ. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ ದಳವಾಯಿ, ಕಿಲ್ಲೇದಾರ, ಸುಬೇದಾರ, ಹವಾಲ್ದಾರ ಎಂಬ ಮನೆತನಗಳು ಸಿಗುತ್ತವೆ. ಎಂದೋ ಒಬ್ಬ ಪೂರ್ವಜ ಹೊತ್ತ ಪದವಿ ಮೊಮ್ಮಕ್ಕಳ ಮೊಮ್ಮಕ್ಕಳವರೆಗೂ ನಿವೃತ್ತವಾಗದೆ ಅಡ್ಡಹೆಸರಾಗಿ ಉಳಿದಿದೆ.

ಈ ಮಾತಿನ ಶಿಖರವನ್ನು ಕಾಣಬೇಕಾದರೆ ಕೊಡಗಿನತ್ತ ನೋಡಬೇಕು. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿದವರು ಕೆ. ಎಂ. ಕಾರ್ಯಪ್ಪನವರು. 1953ರ ಜನವರಿ 14ರಂದು ಸೇವೆಯಿಂದ ನಿವೃತ್ತರಾದರು. ಈಗ ಪ್ರತಿವರ್ಷ ಆ ದಿನವನ್ನೇ ನಿವೃತ್ತ ಯೋಧರ ದಿನವೆಂದು ಆಚರಿಸುತ್ತಾರೆ. ನಿವೃತ್ತರಾಗಿ ಮೂವತ್ತಮೂರು ವರ್ಷಗಳಾದ ಬಳಿಕ, 1986ರಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯಿತ್ತರು. ಫೀಲ್ಡ್ ಮಾರ್ಷಲ್ ಎಂದಿಗೂ ನಿವೃತ್ತರಾಗುವುದಿಲ್ಲ. ಕೊನೆಯುಸಿರಿನವರೆಗೂ ಸೇನೆಯ ಪಟ್ಟಿಯಲ್ಲಿಯೇ ಇರುತ್ತಾರೆ. ಎಂಬತ್ತೇಳರ ಹೊಸ್ತಿಲಿನಲ್ಲಿದ್ದ ಕಾರ್ಯಪ್ಪನವರು ಹೀಗೆ ನಿವೃತ್ತಿಯಿಂದಲೇ ನಿವೃತ್ತರಾದರು! 1993ರಲ್ಲಿ ಅವರು ತೀರಿಕೊಂಡರು. ಅವರಿಗೆ ಮೊದಲು, 1973ರಲ್ಲಿ, ಆ ಪದವಿ ಪಡೆದವರು ಮಾಣೆಕ್ ಷಾ. ವಾಯುಸೇನೆಯಲ್ಲಿ ಅದಕ್ಕೆ ಸಮನಾದ ಪದವಿ ಪಡೆದವರು ಅರ್ಜನ್ ಸಿಂಗ್, 2002ರಲ್ಲಿ. ಈ ಮೂವರ ಹೆಸರಾದ ಮೇಲೆ ‘ನಿವೃತ್ತ’ ಎಂದು ಬರೆದರೆ ಅದು ಶಿಷ್ಟಾಚಾರದ ಲೋಪ ಮಾತ್ರವಲ್ಲ, ವಾಸ್ತವದ ತಪ್ಪೂ ಹೌದು.

ಎಲ್ಲರೂ ಫೀಲ್ಡ್ ಮಾರ್ಷಲ್ ಆಗಲಾರರು. ಆದರೆ ಅತ್ಯುನ್ನತ ಪದವಿಯಲ್ಲಿ ಎದ್ದು ಕಾಣುವ ಸತ್ಯವೇ ಕೆಳಗಿನ ಪದವಿಗಳಲ್ಲಿಯೂ ಒಂದಿಷ್ಟು ಉಂಟು. ಸಮವಸ್ತ್ರವನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಡಬಹುದು. ಇಪ್ಪತ್ತೆಂಟು ವರ್ಷಗಳನ್ನು ಮಡಿಚಿಡಲು ಬರುವುದಿಲ್ಲ.

ನಾನು ನಿವೃತ್ತನಾದೆ. ಹುದ್ದೆ ಹೋಯಿತು. ಲೆಕ್ಕಕ್ಕೆ ‘ಪ್ರೊ.’ ಎಂಬುದೂ ಹೋಗಬೇಕಿತ್ತು, ಅದು ಹುದ್ದೆಯ ಹೆಸರಷ್ಟೆ. ಆದರೆ ನಮ್ಮ ಬೀದಿಯವರು ನನ್ನನ್ನು ಮೇಷ್ಟ್ರು ಎನ್ನುವುದನ್ನು ಬಿಡಲಿಲ್ಲ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರವನ್ನು ಅವರೇ ದಿನವೂ ಕೊಡುತ್ತಿದ್ದಾರೆ. ನಾನೂ 1999ರ ಆ ದಿನದಿಂದ ಅವರ ಯಜಮಾನರನ್ನು ‘ಕ್ಯಾಪ್ಟನ್ ಸಾಹೇಬರೇ’ ಎಂದಲ್ಲದೆ ಬೇರೆ ರೀತಿ ಕರೆಯಲಿಲ್ಲ. ಮೊದಲ ಸಲ ಕರೆದಾಗ ಅವರು ಸೈಕಲ್ಲಿನಿಂದ ಇಳಿದು ನಿಂತು, ಆಮೇಲೆ ನಕ್ಕರು.

ಕೆಲವು ವರ್ಷಗಳ ಕೆಳಗೆ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಕಾಗದ ಬರೆಸಲು ಮಗ ನನ್ನ ಬಳಿಗೆ ಬಂದ. “ಅಪ್ಪನ ಹೆಸರು ಹೇಗೆ ಹಾಕಿಸಬೇಕು ಮೇಷ್ಟ್ರೇ? ‘ಮಾಜಿ ಸೈನಿಕರು’ ಅಂತ ಹಾಕಿದರೆ ಸಾಕಲ್ಲವೇ?” ಎಂದು ಕೇಳಿದ. ಸಾಲದಪ್ಪ ಎಂದು ಹೇಳಿ, ಕಾಗದ ತರಿಸಿಕೊಂಡು ‘ಆನರರಿ ಕ್ಯಾಪ್ಟನ್’ ಎಂದು ಮೊದಲು ಬರೆದು, ಅದರ ಮುಂದೆ ಅವರ ಹೆಸರನ್ನು ಬರೆದೆ. ಕರಡನ್ನು ಎರಡು ಸಲ ತಿದ್ದಿದೆ. ಅಚ್ಚಾಗಿ ಬಂದಾಗ ಆ ತಾಯಿ ಎರಡು ಪ್ರತಿಗಳನ್ನು ತೆಗೆದಿಟ್ಟುಕೊಂಡರು, ಬೀಗರ ಮನೆಗೆ ಕಳುಹಿಸಲು.