ನಿಮಗಿದು ಗೊತ್ತೇ? ಬಿಸಿಲ ನಾಡಿನ ಗಾಳದ ಮೀನು

ಟ್ರೌಟ್ ಮೀನಿಗೆ ತಣ್ಣೀರೇ ಜೀವ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಏದುಸಿರು, 25ರ ಆಸುಪಾಸಿನಲ್ಲಿ ಪ್ರಾಣಕ್ಕೇ ಕುತ್ತು. ಬೇಸಿಗೆಯ ಬಿಸಿಲು 40 ಡಿಗ್ರಿ ಮೀರುವ ಇಂಡಿ, ಸಿಂದಗಿ ಕಡೆಯ ಹಳ್ಳಗಳಲ್ಲಿ ಅದು ಹೇಗೆ ಉಳಿದೀತು? ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ.

ಆದರೂ ಅಮೆರಿಕದ ಅರಿಝೋನಾ ಮರುಭೂಮಿಯ ಕಮರಿಯಲ್ಲಿ ಟ್ರೌಟ್ ಇದೆ! 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆ ನೀರು ತಡೆಯಿತು. ಜಲಾಶಯದ ತಳದ ತಣ್ಣೀರು ಕೊಲರಾಡೊ ನದಿಗೆ ಇಳಿಯಿತು. ನಮ್ಮ ಆಲಮಟ್ಟಿಯಲ್ಲಿ 123 ಟಿಎಂಸಿ ನೀರು ನಿಂತರೂ ಈ ಪವಾಡ ನಡೆಯದು. ಕೃಷ್ಣೆಗೆ ಬರುವುದು ಮಳೆನೀರು, ಹಿಮ ಕರಗಿದ ನೀರಲ್ಲ.

ಟ್ರೌಟ್ ಹಿಡಿಯುವ 'ಫ್ಲೈ' ಗಾಳಕ್ಕೆ ಎರೆಹುಳವೂ ಬೇಡ, ಹಿಟ್ಟಿನ ಉಂಡೆಯೂ ಬೇಡ. ಸಣ್ಣ ಕೊಕ್ಕೆಗೆ ಹುಂಜದ ಕತ್ತಿನ ಪುಕ್ಕವನ್ನು ದಾರದಿಂದ ಬಿಗಿದು ಸುತ್ತಿದರೆ ನೀರಿನ ಮೇಲೆ ಕೂತ ನೊಣದ ರೂಪ. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ಸೀಸದ ಗುಂಡಿನ ಬದಲು ದಪ್ಪ ದಾರದ ತೂಕವೇ ಅದನ್ನು ದೂರಕ್ಕೆ ಒಯ್ಯುತ್ತದೆ.

'ಹಿಲ್ ಟ್ರೌಟ್' ಎಂದು ಇಂಗ್ಲಿಷರು ಕರೆದ ಮೀನು ಮೊದಲು ವಿಜ್ಞಾನಕ್ಕೆ ಪರಿಚಯವಾದದ್ದು ಎಲ್ಲಿಂದ ಗೊತ್ತೇ? ಬಯಲುಸೀಮೆಯ ಹಿರಿಯೂರಿನ ಬಳಿಯ ವೇದಾವತಿಯಿಂದ! 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ವರ್ಣಿಸಿದ. ಬೆಳ್ಳಿ ಮೈ, ಪಕ್ಕೆಯಲ್ಲಿ ನೀಲಿ ಅಡ್ಡಪಟ್ಟೆ, ಕಲ್ಲುಗಳ ನಡುವೆ ಹುಳು ಹಿಡಿಯುವ ಚುರುಕು. ಟ್ರೌಟಿಗೆ ಇದು ನೆಂಟನೇ ಅಲ್ಲ; ಗೆಂಡೆ ಮೀನಿನ ಬಳಗ. ವೇದಾವತಿಯ ನೀರೂ ತುಂಗಭದ್ರೆಯ ಮೂಲಕ ಕೃಷ್ಣೆಗೇ ಸೇರುತ್ತದೆ.

ಭಾರತದ ಗಾಳದ ಬೇಟೆಯ ಬಗ್ಗೆ ಬಹುಕಾಲ ಹೆಸರಾಗಿದ್ದ ಇಂಗ್ಲಿಷ್ ಪುಸ್ತಕ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರ್ ಎಚ್.ಎಸ್. ಥಾಮಸ್.

ಗಾಳಗಾರರು ಹಂಬಲಿಸುವ ದಖ್ಖನ್ ಮಹಶೀರನ್ನು 1839ರಲ್ಲಿ ಮೊದಲು ವರ್ಣಿಸಿದವರು ಕರ್ನಲ್ ಸೈಕ್ಸ್. ಮೀನು ಸಿಕ್ಕಿದ್ದು ಪುಣೆ ಬಳಿಯ ಮುಳಾ-ಮುಠಾ ನದಿಯಲ್ಲಿ. ಅದು ಭೀಮೆಯ ಉಪನದಿ, ಅಂದರೆ ಇಂಡಿ, ಸಿಂದಗಿ ಸೀಮೆಗೆ ಬರುವ ನೀರೇ. ಮಹಶೀರ್ ಮೊಟ್ಟೆಯಿಡುವುದು ಗರಸು, ಮರಳಿನ ತಳದಲ್ಲಿ. ಭೀಮೆಯ ಒಡಲನ್ನು ಬಗೆದು ಲಾರಿ ತುಂಬುವವರು ಒಯ್ಯುವುದು ಬರೀ ಮರಳನ್ನಲ್ಲ, ಮೀನಿನ ಹೆರಿಗೆ ಮನೆಯನ್ನೇ.

  

ಬೇಸಿಗೆಯಲ್ಲಿ ಹಳ್ಳ ಬತ್ತಿ ಮಡುವಷ್ಟೇ ಉಳಿದಾಗ ಗಟ್ಟಿಗ ಕೊರವ ಮೀನು. ನೀರಿನ ಮೇಲೆ ಬಾಯಿ ತೆರೆದು ಗಾಳಿಯನ್ನೇ ಉಸಿರಾಡುತ್ತದೆ. ಮೇಲೆ ಬರಲು ಬಿಡದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ! ಕೆಂಪು ಮರಿಗಳ ಗುಂಪು ನೀರಿನ ಮೇಲೆ ಗಿಜಿಗುಡುತ್ತಿದ್ದರೆ ಕೆಳಗೆ ತಂದೆ-ತಾಯಿ ಕಾವಲಿರುತ್ತವೆ. ದೊಡ್ಡದನ್ನು ಎಳೆದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು. ಅಲ್ಲಿ ಮಾತ್ರ ಗಾಳ ಇಳಿಸಬೇಡಿ.