ಜನತಾ ವಾಚಿಗೆ ಬೆಲೆ ಬಂದದ್ದು ಯಾವಾಗ?

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ! ಈ ಗಾದೆ ಯಾರಿಗೆ ಗೊತ್ತಿಲ್ಲ? ಆದರೆ ಎಚ್.ಎಂ.ಟಿ. ಜನತಾ ವಾಚಿನ ಕಥೆ ಇದಕ್ಕೆ ಪೂರಾ ಉಲ್ಟಾ. ಸರಕು ಗಟ್ಟಿ, ಹೆಸರು ಮಾತ್ರ ಬಡವರದು.

1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ವಾಚು ತಯಾರಿಕೆ ಶುರುವಾಯಿತು. ಮುಂದೆ ತುಮಕೂರಿಗೂ ಕಾರ್ಖಾನೆ ಬಂತು. ದಿನಾ ಕೀ ಕೊಡಬೇಕಾದ 17 ಜ್ಯುವೆಲ್ಲಿನ ಜನತಾ ವಾಚು ಮೇಷ್ಟ್ರು, ಗುಮಾಸ್ತರ ಮುಂಗೈ ಏರಿತು. ಹೆಸರೂ ಜನತಾ, ದರವೂ ಜನತಾ. ಸರ್ಕಾರಿ ಕಾರ್ಖಾನೆಗೆ ಅದೇನೂ ತಪ್ಪಲ್ಲ. ಆದರೆ ಮದುವೆ ಗಂಡಿಗೆ ಕೊಡುವ ಕಾಂಚನ್ ಮೇಲೂ ಅದೇ ಮೂರಕ್ಷರ! ವಾಚು ಸಿಕ್ಕಿದ್ರೆ ಸಾಕು ಅನ್ನೋ ಕಾಲ, ಯಾರೂ ಕೇಳಲಿಲ್ಲ.

1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಸಂಸ್ಥೆಯೂ ಸೇರಿ ಟೈಟಾನ್ ಕಂಪೆನಿ ಕಟ್ಟಿದರು. ಹೊಸೂರಿನಲ್ಲಿ ಕಾರ್ಖಾನೆ, ಬ್ಯಾಟರಿಯ ಕ್ವಾರ್ಟ್ಜ್ ವಾಚು. ವಾಚು ಅಂದ್ರೆ ಬರೀ ಟೈಮ್ ನೋಡೋಕಲ್ಲ, ಅದೊಂದು ಉಡುಗೊರೆ ಎಂದು ಜನರನ್ನು ಒಪ್ಪಿಸಿದರು. ಅಗ್ಗದ ವಾಚಿಗೆ ಸೊನಾಟಾ ಎಂಬ ಬೇರೆ ಹೆಸರು, ಚಿನ್ನದ್ದಕ್ಕೆ ನೆಬ್ಯುಲಾ. ಕಡಿಮೆ ದರದ ನೆರಳು ದೊಡ್ಡ ಹೆಸರಿನ ಮೇಲೆ ಬೀಳದಂತೆ ನೋಡಿಕೊಂಡ ಜಾಣತನ ಇದು.

ಹೆಸರೊಂದೇ ಎಚ್.ಎಂ.ಟಿ.ಯನ್ನು ಮುಳುಗಿಸಿತು ಎಂದರೆ ಅನ್ಯಾಯವಾದೀತು. ಜನ ಬ್ಯಾಟರಿ ವಾಚಿಗೆ ಹೊರಳಿದರೂ ಅದು ಕೀ ವಾಚನ್ನೇ ಹೆಚ್ಚು ನೆಚ್ಚಿ ಕೂತಿತು. ನಷ್ಟ ಬೆಟ್ಟವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಮುಚ್ಚಲು ತೀರ್ಮಾನಿಸಿತು. ತುಮಕೂರಿನ ಕಾರ್ಖಾನೆ ಜಾಗ ಇಸ್ರೋ ಪಾಲಾಯಿತು.

ಈಗ ನೋಡಿ ತಮಾಷೆ! ಹಳೇ ಜನತಾ ಬೇಕೆಂದು ಷೋಕಿಯವರು ಊರೂರು ಹುಡುಕುತ್ತಾರೆ. ಬಡವರ ಹೆಸರೇ ಈಗ ದೊಡ್ಡಸ್ತಿಕೆ. ಇದನ್ನು ಕಂಡ ಕೆಲವರು ಹಳೇ ಡಯಲ್ಲಿಗೆ ಹೊಸ ಬಣ್ಣ ಬಳಿದು, ಸಿಕ್ಕಿದ ಬಿಡಿಭಾಗ ಕೂಡಿಸಿ ಅಸಲಿ ಎಂದು ಮಾರುವುದೂ ಉಂಟು. ಕೊಳ್ಳುವವರು ಹುಷಾರು!

ವಾಚು ಅದೇ, ಮುಳ್ಳು ಅದೇ. ಈ ಬೆಲೆ ಕಾರ್ಖಾನೆ ಸೈರನ್ ಕೂಗುತ್ತಿದ್ದಾಗಲೇ ಬಂದಿದ್ದರೆ ದುಡಿದ ಕೈಗಳಿಗೆ ಸಂಬಳವಾಗುತ್ತಿತ್ತು. ಈಗ ಬಂದದ್ದು ಹಳೇ ವಾಚಿನ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ.